ಲಕ್ಷ್ಮಿಗೆ ಬೂಷ್ಟು ಹಿಡಿದಿದೆ ಅಂದರು

ಆಸಿಡ್ ಬಟ್ಟಲಿಗೂ ಆ ನಾಣ್ಯಕ್ಕೂ ನಡುವೆ ಎರಡೇ ಅಂಗುಲ ಇತ್ತು. ಚಿಮಟ ಸಡಿಲ ಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಬಿಡಲಿಲ್ಲ. ದೊಡ್ಡ ವಿವೇಕದಿಂದೇನೂ ಅಲ್ಲ, ಕರೆಂಟು ಹೋಯಿತು ಅಷ್ಟೆ.

(ಕರೆಂಟಿನವರನ್ನು ಈ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೆಂದು ನಿಮಗೇ ಗೊತ್ತು. ಈ ವಾರ ಒಂದು ನಮಸ್ಕಾರ.)

ಕತ್ತಲಲ್ಲಿ ಆಸಿಡ್ ಕೆಲಸ ಮಾಡಬಾರದು. ನಾಣ್ಯವನ್ನು ಹಿಡಿದುಕೊಂಡೇ ಅಂಗಡಿ ಬಾಗಿಲಿಗೆ ಬಂದೆ. ಹನ್ನೊಂದು ಗಂಟೆಯ ಬಿಸಿಲು ಅದರ ಮೇಲೆ ಬಿತ್ತು. ನಿಂತುಬಿಟ್ಟೆ.

ಹೊಸದಾಗಿ ಓದುವವರಿಗೆ ಹೇಳುತ್ತೇನೆ. ಹಾಸನದ ಪೇಟೆಯ ಒಂದು ಸಂದಿಯಲ್ಲಿ ನನ್ನದು ಬೆಳ್ಳಿ ಪಾಲೀಶ್ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಜ್ಜುವ ಚಕ್ರ ತಿರುಗಿಸುವ ಬಫ್ ಮೋಟಾರಿನ ಮುಂದೆ ಕುಳಿತವನು, ಮೂವತ್ತಾರು ವರ್ಷವಾಯಿತು, ಎದ್ದಿಲ್ಲ. ಈ ಜಿಲ್ಲೆಯ ಎಷ್ಟೋ ಮನೆಗಳ ದೀಪ, ಕಲಶ, ಪಂಚಪಾತ್ರೆ ನನ್ನ ಕೈಯಲ್ಲಿ ಕಪ್ಪು ಕಳೆದುಕೊಂಡು ಹೋಗಿವೆ. ಇದು ಜಂಬ ಅಂದರೆ ಜಂಬ. ಮೈ ಬಗ್ಗಿಸಿ ದುಡಿದವನಿಗೆ ಅಷ್ಟೂ ಇರಬಾರದೇ?

ನಾಣ್ಯ ತಂದವರು ನಾಗರತ್ನಮ್ಮ. ಅರಕಲಗೂಡು ಕಡೆಯ ಒಂದು ಹಳ್ಳಿಯವರು, ಅಲ್ಲಿನ ಹಾಲಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸ. ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ದಿನ ಇತ್ತು. ನನ್ನ ಅಂಗಡಿಯಲ್ಲಿ ಆಗ ಕಾಲಿಡಲು ಜಾಗ ಇರುವುದಿಲ್ಲ.

"ಅಣ್ಣ, ಅಬ್ಬಕ್ಕೆ ಬೇಕೇ ಬೇಕು ಕಣಣ್ಣ. ಬೆಳ್ಳಗೆ ಆಗ್ಬೇಕು. ನಮ್ಮತ್ತಿಗೇದು ಎಂಗದೆ, ಅಂಗೇ ಆಗ್ಬೇಕು," ಅಂದರು.

ಅತ್ತಿಗೆ ಅಂದರೆ ಹೊಳೆನರಸೀಪುರದ ಪ್ರೇಮಕ್ಕ. ನನಗೆ ಗೊತ್ತಿರುವವರೇ. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಇಂಥದ್ದೇ ಒಂದು ದಪ್ಪ ನಾಣ್ಯವನ್ನು ನನ್ನ ಹತ್ತಿರ ಪಾಲೀಶ್ ಮಾಡಿಸಿಕೊಂಡು ಹೋಗುತ್ತಾರೆ. ಜೋಡಿ ನಾಣ್ಯ ಇನ್ನೊಂದು ಇದೆ ಎಂದು ಗೊತ್ತಾದದ್ದು ಅವತ್ತೇ.

ಕಥೆ ಇಷ್ಟು. ನಾಗರತ್ನಮ್ಮನವರ ತಂದೆ ಹಾಸನದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ನಲವತ್ತು ವರ್ಷದ ಹಿಂದೆ ಅಮೆರಿಕದ ದಂಪತಿ ಬಂದು ಎರಡು ವಾರ ಇವರ ಕಾರಿನಲ್ಲೇ ಬೇಲೂರು, ಹಳೇಬೀಡು ತಿರುಗಿದರು. ಹೋಗುವಾಗ, ನಿನ್ನ ಇಬ್ಬರು ಮಕ್ಕಳಿಗೆ ಎಂದು ಎರಡು ಬೆಳ್ಳಿ ಡಾಲರ್ ಕೊಟ್ಟರು. ಒಂದೊಂದೂ ಒಂದೊಂದು ಚಿಕ್ಕ ಕಂದು ಕಾಗದದ ಕವರಿನಲ್ಲಿ.

ಅದರ ಮೇಲೆ ಒಬ್ಬ ಹೆಂಗಸಿನ ಮುಖ. ಮುಡಿಯಲ್ಲಿ ತೆನೆ, ಹತ್ತಿಯ ಎಲೆ. ನಾಣ್ಯದ ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿದ ದೊಡ್ಡ ಹಕ್ಕಿ. ನಮ್ಮವರು ನೋಡಿದರು. ತೆನೆ ಮುಡಿದಿದ್ದಾಳೆ, ಆದ್ದರಿಂದ ಧಾನ್ಯಲಕ್ಷ್ಮಿ. ಹಕ್ಕಿ ಗರುಡ. ಮುಗಿಯಿತು. ಅಮೆರಿಕದವರನ್ನು ಕೇಳಿಕೊಂಡು ಬರಲು ಯಾರಿಗೆ ಪುರುಸೊತ್ತು?

ನಾಗರತ್ನಮ್ಮನವರ ಅಣ್ಣನ, ಅಂದರೆ ಪ್ರೇಮಕ್ಕನ ಗಂಡನ ಪಾಲಿನ ಲಕ್ಷ್ಮಿ ವರ್ಷಾ ವರ್ಷ ಪೂಜೆಗೆ ಕುಳಿತಳು. ನಾಗರತ್ನಮ್ಮನವರ ಗಂಡನ ಮನೆಯಲ್ಲಿ ಈ ಹಬ್ಬದ ರೂಢಿಯೇ ಇರಲಿಲ್ಲ. ಹಾಗಾಗಿ ಅವರ ಲಕ್ಷ್ಮಿ ಕವರಿನೊಳಗೇ, ಟ್ರಂಕಿನ ತಳದಲ್ಲೇ ಉಳಿದಳು. ಈ ವರ್ಷ ಹೊಸ ಮನೆ ಕಟ್ಟಿಸಿದ್ದಾರೆ. ಮೊದಲ ಸಲ ಹಬ್ಬ ಮಾಡೋಣ ಎಂದು ಊರಿನ ಹೆಂಗಸರನ್ನೆಲ್ಲ ಅರಿಸಿನ ಕುಂಕುಮಕ್ಕೆ ಕರೆದಿದ್ದಾರೆ. ಸಲಹೆ ಕೇಳಲು ಅತ್ತಿಗೆಯ ಮುಂದೆಯೇ ಕವರು ಬಿಚ್ಚಿದರು.

"ಅತ್ತಿಗೆ ಏನಂದ್ರು ಗೊತ್ತಾ ಅಣ್ಣ? ಏನೇ, ನಿನ್ ಲಕ್ಷ್ಮಿಗೆ ಬೂಷ್ಟು ಇಡ್ದದೆ, ಇದುನ್ನ ಮಡ್ಗಿ ನಾಕ್ ಜನ ಮುತ್ತೈದೇರ ಕರೀತೀಯಾ ಅಂದ್ಬುಟ್ರು. ಹೊಸ ಮನೇಲಿ ನಿಂತ್ಕಂಡು ಅಂದ್ರು."

ಆ ಮಾತು ಅವರಿಗೆ ಎಲ್ಲಿ ತಾಗಿದೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಒಂದು ಗಂಟೆ ಬಿಟ್ಟು ಬನ್ನಿ ಎಂದು ಕಳಿಸಿ, ಅಂಟುವಾಳದ ನೀರು ಪಕ್ಕಕ್ಕಿಟ್ಟು, ಆಸಿಡ್ ಬಟ್ಟಲು ಎಳೆದುಕೊಂಡೆ. ಆಗಲೇ ಕರೆಂಟು ಹೋದದ್ದು.

ಬಿಸಿಲಲ್ಲಿ ಏನು ಕಂಡಿತು ಎಂದು ಹೇಗೆ ಬರೆಯಲಿ? ಹೆಂಗಸಿನ ಕೆನ್ನೆ ಹಾಲಿನಂತೆ ಬಿಳಿ. ಅದರ ಸುತ್ತ ತೆಳ್ಳಗೆ ಹೊಂಬಣ್ಣ. ಹೊಂಬಣ್ಣ ಹೋಗಿ ಕನಕಾಂಬರ, ಕನಕಾಂಬರ ಹೋಗಿ ನೇರಳೆ, ನೇರಳೆ ಹೋಗಿ ನೀಲಿ, ಅಂಚಿಗೆ ಬರುವಷ್ಟರಲ್ಲಿ ನವಿಲಿನ ಕತ್ತಿನ ಹಸಿರು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸ್ವಲ್ಪ ಓರೆ ಮಾಡಿದರೆ ಬಣ್ಣಗಳ ಅಡಿಯಿಂದ ಒಂದು ಮಿಂಚು ಎದ್ದು ಗಾಡಿ ಚಕ್ರದ ಕಡ್ಡಿಗಳಂತೆ ಗಿರ್ರನೆ ತಿರುಗುತ್ತಿತ್ತು.

ಬೆಳ್ಳಿಯ ಜೊತೆ ಮೂವತ್ತಾರು ವರ್ಷ ಕಳೆದವನು ನಾನು. ಬೆಳ್ಳಿಗೆ ಇದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲ, ಸುಳ್ಳು ಹೇಳಬಾರದು. ಅಲ್ಲೊಂದು ಇಲ್ಲೊಂದು ಲೋಟದ ತಳದಲ್ಲಿ, ತಟ್ಟೆಯ ಅಂಚಿನಲ್ಲಿ ಕಂಡಿದ್ದೆ. ಕಂಡ ಕೂಡಲೇ ಉಜ್ಜಿದ್ದೆ.

ನಾಗರತ್ನಮ್ಮ ವಾಪಸ್ ಬಂದರು. ನಾಣ್ಯ ಹಾಗೇ ಇದೆ. ನಾನು, ಇದನ್ನು ಮುಟ್ಟುವ ಮುಂಚೆ ಒಬ್ಬರಿಗೆ ತೋರಿಸೋಣ ಅಂದೆ.

"ಓಗಣ್ಣ. ನಿಂಗೆ ತೆಗೆಯಾಕೆ ಬರಾಕಿಲ್ಲ ಅಂದ್ರೆ ಅಂಗೇ ಏಳು. ಬ್ಯಾರೆ ಅಂಗ್ಡಿ ಇಲ್ವಾ?"

ಪಕ್ಕದ ಅಂಗಡಿಯವರಿಗೂ ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು. ಎರಡು ನಿಮಿಷದ ಕೆಲಸ. ಅದ್ದಿ ತೆಗೆದರೆ ಇವರ ಬಾಯಿಯೂ ಮುಚ್ಚುತ್ತದೆ, ಅತ್ತಿಗೆಯ ಬಾಯಿಯೂ ಮುಚ್ಚುತ್ತದೆ, ನನ್ನ ಹೆಸರೂ ಉಳಿಯುತ್ತದೆ. ನಿಜ ಹೇಳುತ್ತೇನೆ, ಕೈ ಬಟ್ಟಲಿನ ಕಡೆ ಹೋಗಿತ್ತು. ಆದರೆ ಒಮ್ಮೆ ಹೋದರೆ ಹೋದದ್ದೇ ಅಲ್ಲವೇ? ತೆಗೆಯುವುದು ನನಗೆ ಗೊತ್ತು. ಇಡುವುದು ಗೊತ್ತಿಲ್ಲ.

"ನಾಳೆ ಅರ್ಧ ದಿನ ಅಂಗಡಿ ಮುಚ್ಚುತ್ತೇನೆ. ಚನ್ನರಾಯಪಟ್ಟಣಕ್ಕೆ ಹೋಗಿ ಬರೋಣ. ಆಮೇಲೂ ತೆಗಿ ಅಂದರೆ ತೆಗೆಯುತ್ತೇನೆ, ಕೂಲಿ ಬೇಡ," ಅಂದೆ. ಹಬ್ಬದ ಸೀಸನ್ನಿನಲ್ಲಿ ನಾನು ಅಂಗಡಿ ಮುಚ್ಚುತ್ತೇನೆ ಅಂದಾಗ ಅವರು ಮೊದಲ ಸಲ ಆ ನಾಣ್ಯವನ್ನು ಸರಿಯಾಗಿ ನೋಡಿದರು.

ಚನ್ನರಾಯಪಟ್ಟಣದಲ್ಲಿ ಶ್ರೀಕಂಠ ಮೇಷ್ಟ್ರು ಎಂದು ರಿಟೈರ್ಡ್ ಡ್ರಾಯಿಂಗ್ ಮಾಸ್ಟರು. ಸಂಬಳದಲ್ಲಿ ಅರ್ಧವನ್ನು ಹಳೇ ನಾಣ್ಯಕ್ಕೆ ಸುರಿದವರು (ಹೆಂಡತಿಯೇ ಹೇಳಿದ್ದು, ಕಾಫಿ ಕೊಡುತ್ತಾ). ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು, ಒಂದೇ ಒಂದು ಬಲ್ಬಿನ ಕೆಳಗೆ ಓರೆ ಮಾಡಿದರು. ಲೆನ್ಸ್ ಹಾಕಿದರು. ತುಟಿ ಬಿಗಿ ಹಿಡಿದರು.

"ಇಷ್ಟು ಚೆಂದ ಇದ್ರೆ ನನಗೆ ಮೊದಲು ಬರೋದು ಅನುಮಾನ ಕಣಪ್ಪ. ಈಗ ಒಲೆ ಮೇಲೆ ಬೇಯಿಸ್ತಾರೆ, ಕೆಮಿಕಲ್ ಹೊಗೆ ಹಾಕ್ತಾರೆ. ಒಂದು ವಾರದಲ್ಲಿ ನೂರು ವರ್ಷದ ಬಣ್ಣ. ಮಾಡಿದ ಬಣ್ಣ ಅಂದ್ರೆ ಇದಕ್ಕೆ ಬೆಳ್ಳಿ ತೂಕದ ಬೆಲೆ, ಅಷ್ಟೆ."

ನಾಗರತ್ನಮ್ಮ ಸೆರಗು ಬಿಗಿ ಮಾಡಿಕೊಂಡರು. "ನಮ್ಮಪ್ಪ ಮೋಸದ್ದು ತಂದ್ಕೊಡ್ತಿರ್ನಿಲ್ಲ ಸಾ."

"ನಿಮ್ಮಪ್ಪನ್ನ ಅಂದಿಲ್ಲ ತಾಯಿ. ಬಣ್ಣಾನ ಅಂದೆ." ಮತ್ತೆ ನನ್ನ ಕಡೆ ತಿರುಗಿ ತೋರಿಸಿದರು. "ಬಣ್ಣದ ಸರದಿ ಸರಿಯಾಗಿದೆ. ಹಳದಿ, ಕೆಂಪು, ನೇರಳೆ, ನೀಲಿ, ಹಸಿರು. ಮೆಟ್ಟಿಲು ಹತ್ತಿದ ಹಾಗೆ. ಸುಳ್ಳು ಬಣ್ಣ ಮೆಟ್ಟಿಲು ಹಾರುತ್ತೆ. ಮಿಂಚೂ ಕೆಳಗಡೆಯಿಂದ ಬರ್ತಿದೆ. ಆದರೆ ಇಲ್ಲಿ ನೋಡು, ಕತ್ತಿನ ಮೇಲೆ ಒಂದು ನೇರ ನೀಲಿ ಗೆರೆ. ಸ್ಕೇಲಿಟ್ಟು ಎಳೆದ ಹಾಗಿದೆ. ಪ್ರಕೃತಿ ಎಲ್ಲಪ್ಪಾ ಸ್ಕೇಲ್ ಇಟ್ಕೊಂಡು ಕೂತಿರುತ್ತೆ?"

ಆ ಗೆರೆ ನೋಡಿದೆ. ನೋಡಿದ ಕೂಡಲೇ ನಗು ಬಂತು. ಪುಸ್ತಕ ಓದಿದವರಿಗೆ ತಿಳಿಯದ್ದು ಏಳನೇ ಕ್ಲಾಸಿನವನಿಗೆ ತಿಳಿದ ನಗು. ಬೆಳ್ಳಿ ಲೋಟವನ್ನು ಪೇಪರಿನಲ್ಲಿ ಸುತ್ತಿಟ್ಟರೆ ಪೇಪರಿನ ಮಡಿಕೆ ಎಲ್ಲಿತ್ತೋ ಅಲ್ಲೇ ನೆಟ್ಟಗೆ ಕಪ್ಪು ಗೆರೆ ಬೀಳುತ್ತದೆ. ಅಂಥ ಸಾವಿರ ಗೆರೆಗಳ ಜೊತೆ ನಾನು ಹೆಣಗಾಡಿದ್ದೇನೆ.

"ಅಕ್ಕ, ಆ ಕವರು ಎಲ್ಲಿ?" ಅಂದೆ.

ಪುಣ್ಯಕ್ಕೆ ಬ್ಯಾಗಿನಲ್ಲೇ ಇತ್ತು. ಕವರಿನ ಬೆನ್ನಿನಲ್ಲಿ ಕಾಗದದ ಮೇಲೆ ಕಾಗದ ಕೂರಿಸಿ ಗೋಂದು ಅಂಟಿಸಿದ ಒಂದು ನೇರ ಜೋಡಣೆ. ಒಳಗೆ ನಾಣ್ಯದ ದುಂಡನೆಯ ಅಚ್ಚು. ಮೇಷ್ಟ್ರು ನಾಣ್ಯವನ್ನು ಆ ಅಚ್ಚಿನ ಮೇಲೆ ತಂದು ಹಿಡಿದರು. ಗೋಂದಿನ ಗೆರೆಗೂ ನೀಲಿ ಗೆರೆಗೂ ಕೂದಲಷ್ಟೂ ವ್ಯತ್ಯಾಸ ಇಲ್ಲ.

ಟ್ರಂಕಿನ ಕತ್ತಲಲ್ಲಿ, ಯಾರೂ ನೋಡದೆ, ಒಂದು ಅಗ್ಗದ ಕಾಗದ ನಲವತ್ತು ವರ್ಷ ಕುಳಿತು ಬರೆದ ಚಿತ್ರ ಅದು.

"ಕಾಗದದಲ್ಲಿ, ಗೋಂದಿನಲ್ಲಿ ಗಂಧಕದ ಅಂಶ ಇರುತ್ತೆ," ಮೇಷ್ಟ್ರು ಮೆತ್ತಗೆ ಹೇಳಿದರು. "ಬೆಳ್ಳಿ ಮೇಲೆ ತೆಳ್ಳಗೆ ಪದರ ಕಟ್ಟುತ್ತೆ. ಬಸ್ ಸ್ಟ್ಯಾಂಡಲ್ಲಿ ಮಳೆ ನೀರಿನ ಮೇಲೆ ಡೀಸೆಲ್ ಬಿದ್ದಾಗ ಬಣ್ಣ ಕಾಣಲ್ವಾ? ಡೀಸೆಲ್‌ಗೆ ಆ ಬಣ್ಣ ಇದೆಯಾ? ಇಲ್ಲ. ಪದರ ಎಷ್ಟು ದಪ್ಪವೋ ಅಂಥ ಬಣ್ಣ. ಇದೂ ಅದೇ. ಇಲ್ಲಿ ಬಣ್ಣಾನೇ ಇಲ್ಲ, ಬೆಳಕಿನ ಆಟ."

ಬಣ್ಣವೇ ಇಲ್ಲವಂತೆ. ನನಗೆ ಮೈ ಜುಮ್ಮೆಂದಿತು.

ಆಮೇಲೆ ಮೇಷ್ಟ್ರು ಒಂದು ಚೀಟಿಯಲ್ಲಿ ಅಂಕಿ ಬರೆದು ನಾಗರತ್ನಮ್ಮನವರಿಗೆ ಕೊಟ್ಟರು. ಮಾರುವುದಾದರೆ ನಾನೇ ಇಷ್ಟು ಕೊಡುತ್ತೇನೆ, ಇನ್ನೂ ಜಾಸ್ತಿ ಕೊಡುವವರೂ ಇರಬಹುದು, ಇದಕ್ಕೆಲ್ಲ ರೇಟ್ ಕಾರ್ಡ್ ಇಲ್ಲ, ಕಣ್ಣಿಗೆ ಬಿದ್ದವರ ಆಸೆಯೇ ರೇಟು ಅಂದರು. ಅವರು ಚೀಟಿ ನೋಡಿದರು, ಇನ್ನೊಮ್ಮೆ ನೋಡಿದರು, ಮಡಚಿದರು.

"ಅಂಗಾರೆ ನಮ್ಮತ್ತಿಗೇದು? ಅದೂ ಇದುರ್ ಜೋಡೀನೇ ಅಲ್ವಾ ಸಾ?"

"ಅದನ್ನ ತೊಳೆದಿದ್ದೀರಾ?"

"ವರ್ಸಾ ವರ್ಸಾ ಪಾಲೀಸ್ ಮಾಡುಸ್ತಾರೆ. ಪಳಪಳ ಅಂತದೆ."

"ಹಾಗಾದ್ರೆ ಬೆಳ್ಳಿ ತೂಕ," ಮೇಷ್ಟ್ರು ಅಂದರು. "ಅಚ್ಚು ಒತ್ತಿದಾಗ ಬೆಳ್ಳಿ ಹರಿದು ಕೂದಲಿಗಿಂತ ಸಣ್ಣ ಗೆರೆಗಳು ಮೂಡಿರ್ತವೆ. ಮಿಂಚು ತಿರುಗೋದು ಅವುಗಳಿಂದ. ಬಫ್ ಹಾಕಿದ್ರೆ ಅವು ಸವೆದು ಹೋಗ್ತವೆ. ಇನ್ಯಾವತ್ತೂ ಬರಲ್ಲ. ಯಾರಪ್ಪ ಅದು, ಆ ಪಾಲೀಶ್ ಮಾಡಿದೋನು?"

ನಾಗರತ್ನಮ್ಮ ನನ್ನ ಮುಖ ನೋಡಲಿಲ್ಲ. ನೋಡಬಹುದಾಗಿತ್ತು. ನೋಡಲಿಲ್ಲ. "ಯಾರೋ ಸಾ," ಅಂದರು.

"ನಾನೇ," ಅಂದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, ಮಾರುತ್ತೀರಾ ಅಂತ. ಕಿಟಕಿಯ ಆಚೆ ನೋಡುತ್ತಾ ಹೇಳಿದರು: "ಈ ದುಡ್ಡು ಬಂದ್ರೆ ಮನೆ ಮುಂದೆ ಗ್ರಿಲ್ ಆಯ್ತದೆ ಕಣಣ್ಣ. ಗ್ರಿಲ್ಲು ಎಲ್ಲಾರ್ ಮನೇಲೂ ಅದೆ."

ಮೇಷ್ಟ್ರು ಕೊಟ್ಟ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಲಕ್ಷ್ಮಿ ಹಬ್ಬಕ್ಕೆ ಕುಳಿತಳು. ಕುಂಕುಮ ಇಟ್ಟದ್ದು ಡಬ್ಬಿಗೆ. ಅಮ್ಮನಿಗೆ ಮುಟ್ಟುತ್ತದೋ ಇಲ್ಲವೋ ಎಂದು ಪುರೋಹಿತರು ಅನುಮಾನಿಸಿದರಂತೆ. "ಕಾರಿನ್ ಟೈರಿಗೆ ಪೂಜೆ ಮಾಡುದ್ರೆ ಇಂಜಿನ್ನಿಗೆ ಮುಟ್ಟಾಕಿಲ್ವಾ?" ಎಂದು ಇವರು ಕೇಳಿದರಂತೆ. ಡ್ರೈವರ್ ಮಗಳಲ್ಲವೇ. ಬಂದ ಹೆಂಗಸರೆಲ್ಲ ತಾಂಬೂಲ ಮರೆತು ಆ ಡಬ್ಬಿಯ ಸುತ್ತ ಬಗ್ಗಿ ನಿಂತರಂತೆ.

ಮೊನ್ನೆ ಸೋಮವಾರ ಪ್ರೇಮಕ್ಕ ಅಂಗಡಿಗೆ ಬಂದರು. ಕೈಯಲ್ಲಿ ಅವರ ನಾಣ್ಯ. ಕನ್ನಡಿಯ ಹಾಗೆ ಬೆಳ್ಳಗೆ.

"ನಮ್ ನಾದ್ನಿ ಲಕ್ಷ್ಮಿಗೆ ಬಣ್ಣ ಆಕ್ಕೊಟ್ಟಿದ್ದೀರಂತೆ. ನಮ್ದುಕ್ಕೂ ಆಕ್ಕೊಡಿ. ಅವಳ್ದುಕ್ಕಿಂತ ಒಂಚೂರು ಜಾಸ್ತೀನೇ ಇರ್ಲಿ."

ನಾನು ಬಣ್ಣ ಹಾಕಿಲ್ಲ ಅಂದೆ. ಕಾಗದದ ಕಥೆ ಹೇಳಿದೆ. ಕವರಿನಲ್ಲಿಟ್ಟರೆ ನಿಮ್ಮದಕ್ಕೂ ಏನೋ ಒಂದು ಬಣ್ಣ ಬರಬಹುದು, ವರ್ಷಗಟ್ಟಲೆ ಆಗುತ್ತದೆ, ಆದರೆ ಒಳಗಿನ ಮಿಂಚು ಬರುವುದಿಲ್ಲ ಅಂದೆ. ಉಳಿದದ್ದನ್ನೂ ಹೇಳಿದೆ. "ಅದನ್ನ ತೆಗೆದವನು ನಾನೇ ಅಕ್ಕ. ಗೊತ್ತಿಲ್ಲದೆ ತೆಗೆದೆ."

ಬೈಯುತ್ತಾರೆ ಅಂದುಕೊಂಡೆ. ಅವರು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬುಡಿ, ನೀವೇನ್ ಮಾಡೀರಿ. ಒಸಿ ಚೆನ್ನಾಗ್ ಉಜ್ಜಿ ಅಂತ ವರ್ಸಾ ವರ್ಸಾ ಅತ್ತು ರೂಪಾಯಿ ಜಾಸ್ತಿ ಕೊಡ್ತಿದ್ದೋಳು ನಾನೇ ಅಲ್ವಾ," ಅಂದರು. ನಾಣ್ಯವನ್ನು ನನ್ನ ಮುಂದಿಟ್ಟು, "ಆಗೋಷ್ಟು ಆಗ್ಲಿ, ಕವರಲ್ಲೇ ಮಡ್ಗಿ. ನಮ್ ಮೊಮ್ಮಗಳಾದ್ರೂ ನೋಡ್ಲಿ."

ಮೂಲೆ ಅಂಗಡಿಯಿಂದ ಒಂದು ಕಂದು ಕವರು ತರಿಸಿದೆ. ನಾಣ್ಯ ಒಳಗಿಟ್ಟೆ. ಉಜ್ಜಲಿಲ್ಲ, ಅದ್ದಲಿಲ್ಲ, ಒರೆಸಲೂ ಇಲ್ಲ. ಕೈ ಕಟ್ಟಿ ಕುಳಿತ ಹಾಗಾಯಿತು. ಪ್ರೇಮಕ್ಕ ಪರ್ಸು ತೆಗೆದು, ಎಷ್ಟಾಯಿತು ಎಂದು ಕೇಳಿದರು.

ಮೈ ಬಗ್ಗಿಸಿದ್ದಕ್ಕೆಲ್ಲ ರೇಟು ಗೊತ್ತಿರುವ ನಾನು ಇನ್ನೂ ಯೋಚಿಸುತ್ತಿದ್ದೇನೆ: ಏನೂ ಮಾಡದೆ ಬಿಟ್ಟ ಕೆಲಸಕ್ಕೆ ಕೂಲಿ ಎಷ್ಟು ಹೇಳಬೇಕು?