ಮಳೆ ಜಾಕೆಟ್ಟಿನ ಭುಜದ ಹೊಲಿಗೆ

ಮೊದಲೇ ಹೇಳಿಬಿಡುತ್ತೇನೆ, ಆ ಜಾಕೆಟ್ಟು ಕೆಟ್ಟದ್ದಾಗಿರಲಿಲ್ಲ. ಅದನ್ನು ಕೆಡಿಸಿದವಳು ನಾನು. ಕೆಡಿಸಿದ್ದು ನನಗೆ ಗೊತ್ತಾದದ್ದು ನನ್ನ ಗಂಡ ತೀರಿಕೊಂಡು ಒಂದು ವರ್ಷವಾದ ಮೇಲೆ. ಅವರು ಹೋದದ್ದು ಜ್ವರ ಎದೆಗೆ ಇಳಿದು. ಅದಕ್ಕೂ ಮೊದಲು ಮೂರು ಮಳೆಗಾಲ ಕಾಡಿನಲ್ಲಿ ಅವರ ಮೈಮೇಲಿದ್ದದ್ದು ಅದೇ ಜಾಕೆಟ್ಟು. ನನ್ನ ಹೊಲಿಗೆಯಿಂದ ಅವರು ನೆನೆದರೇ, ಆ ಜ್ವರ ಅದರಿಂದಲೇ ಬಂತೇ, ನೆನೆಯುತ್ತಿದ್ದದ್ದು ನನ್ನಿಂದ ಎಂದು ಅವರಿಗೆ ಗೊತ್ತಿತ್ತೇ, ಗೊತ್ತಿದ್ದರೆ ನನಗೇಕೆ ಹೇಳಲಿಲ್ಲ? ಗೊತ್ತಾದ ಮೇಲೆ ಎಷ್ಟೋ ದಿನ ನಾನು ಬೇರೆ ಏನನ್ನೂ ಯೋಚಿಸಲಿಲ್ಲ.

ನಾನು ಹಳಿಯಾಳದಲ್ಲಿ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಮಶೀನು. ಜಂಪರು, ಲಂಗ, ಶಾಲೆ ಮಕ್ಕಳ ಅಂಗಿ ಚಡ್ಡಿ. ಅವರು ಕುಂಬಾರವಾಡದ ಆಚೆ ಅರಣ್ಯ ಇಲಾಖೆಯ ಕ್ಯಾಂಪಿನಲ್ಲಿ ದಿನಗೂಲಿ ವಾಚರ್ ಆಗಿದ್ದರು. ಬೆಳಿಗ್ಗೆ ಎದ್ದು ಗಸ್ತು ನಡೆಯುವುದು, ಸಂಜೆಗೆ ಕ್ಯಾಂಪಿಗೆ ಮರಳುವುದು. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ತಿಂಗಳೂ ಆಗುತ್ತಿತ್ತು. ನಮಗೆ ಮಕ್ಕಳಿಲ್ಲ. ಮಶೀನಿನ ಸದ್ದು ನಿಂತರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಮೊದಲೆಲ್ಲ ಅವರು ಕಂಬಳಿಯನ್ನೇ ಕೊಪ್ಪೆ ಮಾಡಿ ತಲೆಯ ಮೇಲೆ ಇಳಿಬಿಟ್ಟುಕೊಂಡು ನಡೆಯುತ್ತಿದ್ದರು. ಒಂದೆರಡು ತಾಸು ಕಂಬಳಿಯ ಮುಂದೆ ಯಾವುದೂ ಇಲ್ಲ. ನೀರು ಮೇಲೆಯೇ ಜಾರುತ್ತದೆ, ಒಳಗೆ ಬೆಚ್ಚಗಿರುತ್ತದೆ. ಆಮೇಲೆ ಅದು ನೀರು ಕುಡಿಯಲು ಶುರುಮಾಡುತ್ತದೆ. ಸಂಜೆಗೆ ಹೆಗಲ ಮೇಲೆ ಒಂದು ಕರುವನ್ನು ಹೊತ್ತಷ್ಟು ಭಾರ. ಒಲೆಯ ಮೇಲೆ ಕಟ್ಟಿದರೂ ಬೆಳಗಿನೊಳಗೆ ಒಣಗದು. ಕ್ಯಾಂಪಿನಿಂದ ತಂದ ಕಂಬಳಿ ಹಿಂಡುವಾಗ ನನ್ನ ಕೈ ಸೋಲುತ್ತಿತ್ತು.

ನನ್ನ ತವರು ಮುಂಡಗೋಡದ ಹತ್ತಿರದ ಇಂದೂರ. ಒಂದು ಚಳಿಗಾಲ ಅಲ್ಲಿಗೆ ಹೋಗಿದ್ದವಳು ಮುಂಡಗೋಡದ ಟಿಬೆಟನ್ ಕಾಲೊನಿಯ ಅಂಗಡಿಗೆ ಹೋದೆ. ಅಂಗಡಿಯಾಕೆ ನನ್ನಷ್ಟೇ ವಯಸ್ಸಿನವಳು, ಇಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡ ನನ್ನಂತೆಯೇ ಮಾತಾಡುತ್ತಿದ್ದಳು. ಹಸಿರು ಬಣ್ಣದ ಜಾಕೆಟ್ಟು ತೆಗೆದು ಅದರ ತೋಳನ್ನು ಬಟ್ಟಲಿನಂತೆ ಹಿಡಿದು ಒಂದು ಲೋಟ ನೀರು ಹೊಯ್ದಳು. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಗುಂಡಗೆ ಓಡಾಡಿತು.

"ಮ್ಯಾಲಿನ ನೀರು ಒಳಗ ಬರೂದಿಲ್ಲ, ಒಳಗಿನ ಬೆವರು ಹೊರಗ ಹೋಗ್ತೈತಿ. ಹಿಮದಾಗ ಹಾಕ್ಕೊಳ್ಳೂದು ಅಕ್ಕಾ ಇದು."

"ಮುಂಡಗೋಡದಾಗ ಹಿಮ ಎಲ್ಲೈತವಾ?"

"ಇಲ್ಲಲ್ಲ, ಅದಕ್ಕ ಕಡಿಮಿಗೆ ಕೊಡಾಕತ್ತೇನಿ."

ಇಬ್ಬರೂ ನಕ್ಕೆವು. ಒಳಗಡೆ ತೋಳಿಲ್ಲದ ಒಂದು ದಪ್ಪ ಅಸ್ತರವಿತ್ತು. ಬೇಕಾದಾಗ ತೆಗೆದಿಡಬಹುದು. ಅದಕ್ಕೆ ಹಕ್ಕಿಯ ಗರಿ ತುಂಬಿದ್ದಾರೆ ಎಂದಳು, ಕತ್ತಿನ ಚೀಟಿಯಲ್ಲಿ ಬಾತುಕೋಳಿಯ ಚಿತ್ರವೂ ಇತ್ತು. ಒಂದು ಮಳೆಗಾಲವಾದರೂ ಅವರು ಒಣಗಿದ ಮೈಯಲ್ಲಿ ಇರಲಿ ಎಂದು ಕೊಂಡುಕೊಂಡೆ.

ನಮ್ಮ ಕಡೆ ರೆಡಿಮೇಡ್ ಬಟ್ಟೆ ತಂದರೆ ಹಾಗೆಯೇ ತೊಡುವುದಿಲ್ಲ. ದರ್ಜಿಯ ಹತ್ತಿರ ಒಯ್ದು ಇನ್ನೊಂದು ಹೊಲಿಗೆ ಹಾಕಿಸಿ ಆಮೇಲೆ ತೊಡುತ್ತಾರೆ. ಅಂಗಡಿಯ ಹೊಲಿಗೆಯನ್ನು ಯಾರೂ ನಂಬುವುದಿಲ್ಲ. ನನ್ನ ಅರ್ಧ ಗಿರಾಕಿಗಳು ಬರುತ್ತಿದ್ದದ್ದೇ ಈ ಕೆಲಸಕ್ಕೆ. ಹಾಗಿರುವಾಗ ನನ್ನ ಗಂಡನ ಜಾಕೆಟ್ಟನ್ನು ಬಿಡುತ್ತೇನೆಯೇ?

ಮೊದಲು ಅಸ್ತರದ ಒಂದು ಮೂಲೆ ಬಿಚ್ಚಿದೆ. ಗರಿ ಇರಲಿಲ್ಲ. ದಿಂಬಿಗೆ ತುಂಬುವಂಥ ಬಿಳಿ ಪಾಲಿಯೆಸ್ಟರ್ ನೂಲಿನ ಮುದ್ದೆ. ಬಾತುಕೋಳಿ ಸುಳ್ಳಾದರೆ ಉಳಿದದ್ದೂ ಸುಳ್ಳೇ ಎಂದುಕೊಂಡೆ. ಜಾಕೆಟ್ಟನ್ನು ಒಳಮಗ್ಗುಲಾಗಿ ತಿರುವಿದೆ. ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ತೆಳ್ಳನೆಯ ಪಟ್ಟಿ ಅಂಟಿಸಿದ್ದರು. ನಮ್ಮ ಕಸುಬಿನಲ್ಲಿ ಅಂಟು ಅಂದರೆ ಮೋಸ. ಹೊಲಿಗೆ ಸರಿ ಬಾರದವನು ಅಂಟು ಹಚ್ಚಿ ಮುಚ್ಚುತ್ತಾನೆ. ಬಿಸಿ ಇಸ್ತ್ರಿ ತೋರಿಸಿ, ಎರಡೂ ಭುಜದ ಪಟ್ಟಿಗಳನ್ನು ಉದ್ದಕ್ಕೂ ಸುಲಿದು ತೆಗೆದೆ. ಬಾಳೆಯ ನಾರಿನ ಹಾಗೆ ಸಲೀಸಾಗಿ ಬಂತು. ಆಮೇಲೆ ದಪ್ಪ ಸೂಜಿ ಹಾಕಿ, ಗಟ್ಟಿ ದಾರದಲ್ಲಿ ಎರಡೆರಡು ಸಾಲು ಹೊಲಿದೆ. ಅಂಥ ನೇರ ಹೊಲಿಗೆ ನಾನು ಮದುವೆಯ ಜಂಪರಿಗೂ ಹಾಕಿರಲಿಲ್ಲ.

ಅವರು ತೊಟ್ಟು ನೋಡಿದರು. ತೋಳು ಎತ್ತಿ ಇಳಿಸಿದರು. "ಆರ್ಮಿಯವ್ರಂಗ ಕಾಣ್ತೇನಲ?" ಎಂದರು.

"ಆರ್ಮಿಯವ್ರಿಗೆ ಹೊಟ್ಟಿ ಇರೂದಿಲ್ರಿ" ಎಂದೆ.

ಆ ಮಳೆಗಾಲದಲ್ಲಿ ಅವರು ಮೊದಲ ಸಲ ಮನೆಗೆ ಬಂದಾಗ, "ಹೆಂಗೈತ್ರಿ ಜಾಕೆಟ್ಟು?" ಎಂದು ಕೇಳಿದೆ. "ಭೇಷ್ ಐತಿ" ಎಂದರು. ಒಳಗಿನ ಅಂಗಿ ಹಸಿಯಾಗಿತ್ತು. ಕೇಳಿದ್ದಕ್ಕೆ ಬೆವರು ಎಂದರು. ಅದೂ ಸುಳ್ಳಿರಲಿಲ್ಲ. ಘಟ್ಟ ಹತ್ತಿ ಇಳಿಯುವವರಿಗೆ ಬೆವರು ಬರದೆ ಇರುತ್ತದೆಯೇ? ಮೂರು ಮಳೆಗಾಲ ಹೀಗೇ ಕಳೆಯಿತು. ಮೂರನೆಯದರ ಕೊನೆಯಲ್ಲಿ ಕ್ಯಾಂಪಿನವರು ಅವರನ್ನು ಜೀಪಿನಲ್ಲಿ ದಾಂಡೇಲಿಯ ಆಸ್ಪತ್ರೆಗೆ ತಂದರು. ನಾನು ಹೋಗಿ ಮುಟ್ಟಿದಾಗ ಮಾತಾಡುತ್ತಿದ್ದರು. ಮೂರನೆಯ ದಿನ ಮಾತಾಡಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಡಾಕ್ಟರು, ಮಳೆಯಲ್ಲಿ ನೆನೆಯದವರಿಗೂ ಇಂಥ ಜ್ವರ ಬರುತ್ತದೆ ಎಂದಿದ್ದರು. ಆಗ ನಾನು ಆ ಮಾತನ್ನು ಗಮನಕ್ಕೆ ತೆಗೆದುಕೊಂಡಿರಲಿಲ್ಲ. ಯಾಕೆ ಹೇಳಿದರು ಎಂದೂ ತಿಳಿದಿರಲಿಲ್ಲ.

ವರ್ಷ ಕಳೆದ ಮೇಲೆ ದಾಂಡೇಲಿಯ ಒಬ್ಬರು ನನ್ನ ಹತ್ತಿರ ಹೊಲಿಗೆಗೆ ಬಂದರು. ಕಾಳಿ ನದಿಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂಡಿಸಿ ಕರೆದೊಯ್ಯುವ ಕೆಲಸ ಆಗಷ್ಟೇ ಅಲ್ಲಿ ಬೆಳೆಯುತ್ತಿತ್ತು. ಈ ಗಿರಾಕಿ ಅದರಲ್ಲಿದ್ದರು. ಬೆಲೆಬಾಳುವ ಒಂದು ಜಾಕೆಟ್ಟು ತಂದು, ಜಿಪ್ಪು ಬದಲಿಸಿ ಕೊಡಿ ಎಂದರು. ನಾನು ಒಳಗಡೆ ತಿರುವಿದೆ. ಅದೇ ಪಟ್ಟಿ.

"ಇದನ್ನ ತೆಗದು ಬರೋಬ್ಬರಿ ಹೊಲದು ಕೊಡ್ಲೇನ್ರಿ?"

ಅವರು ಜಾಕೆಟ್ಟನ್ನು ಕಸಿದುಕೊಂಡರು ಎಂದೇ ಹೇಳಬೇಕು. "ಬ್ಯಾಡ್ರಿ ಅಕ್ಕಾರ! ಅದ ಇದರ ಜೀವಾ. ಸೂಜಿ ಚುಚ್ಚಿದಲ್ಲೆಲ್ಲಾ ತೂತು ಬೀಳ್ತಾವ ನೋಡ್ರಿ, ಆ ತೂತು ಮುಚ್ಚಾಕ ಆ ಪಟ್ಟಿ. ಅದನ್ನ ತೆಗದ್ರ ಜರಡಿ ಹೊತ್ಕೊಂಡಂಗ."

ನನ್ನ ಕೈ ಮಶೀನಿನ ಮೇಲೆಯೇ ಇತ್ತು. ಬೆವರು ಹೊರಗೆ ಹೋಗುತ್ತದೆ ಎನ್ನುವುದಾದರೂ ನಿಜವೇ ಎಂದು ಕೇಳಿದೆ.

"ಹೊರಗ ಒಣಾ ಹವಾ ಇದ್ರ ಹೋಗ್ತೈತ್ರಿ. ನಮ್ಮ ಮಳಿಗಾಲದಾಗ ಹೊರಗೂ ಹಸೀನ, ಒಳಗೂ ಹಸೀನ. ಬೆವರು ಎಲ್ಲಿಗಂತ ಹೋಗಬೇಕು? ಸಾವಿರ ಕೊಡ್ರಿ, ಹತ್ತ್ ಸಾವಿರ ಕೊಡ್ರಿ, ಜೋಯಿಡಾದ ಮಳಿಯಾಗ ಎಲ್ಲಾ ಒಂದ."

ಗರಿಯ ಬಗ್ಗೆಯೂ ಕೇಳಿದೆ. ಗರಿ ಒದ್ದೆಯಾದರೆ ಮುದ್ದೆಗಟ್ಟಿ ಯಾವ ಕೆಲಸಕ್ಕೂ ಬರುವುದಿಲ್ಲವಂತೆ. ನೂಲು ಒದ್ದೆಯಾದರೂ ಒಂದಿಷ್ಟು ಬೆಚ್ಚಗಿರುತ್ತದಂತೆ. ನಾನು ಮೋಸ ಎಂದುಕೊಂಡದ್ದೇ ನನ್ನ ಗಂಡನ ಮೈ ಕಾಯುತ್ತಿತ್ತು. ನಾನು ಗಟ್ಟಿ ಮಾಡಿದೆ ಎಂದುಕೊಂಡಲ್ಲಿಂದ ನೀರು ಇಳಿಯುತ್ತಿತ್ತು.

ದಾಂಡೇಲಿಯವರು ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಎಂದಿನಂತೆ ಸ್ವಚ್ಛ ಮಾಡಿ ಇಸ್ತ್ರಿ ಎಳೆದು ಟ್ರಂಕಿನಲ್ಲಿಟ್ಟಿದ್ದ ನಮ್ಮ ಜಾಕೆಟ್ಟು ತೆಗೆದೆ. ಅಂಗಡಿಯಾಕೆ ಮಾಡಿದ ಹಾಗೆಯೇ ಭುಜವನ್ನು ಬಟ್ಟಲು ಮಾಡಿ ಒಂದು ತಂಬಿಗೆ ನೀರು ಹೊಯ್ದೆ. ಬಟ್ಟೆಯಿಂದ ಒಂದು ಹನಿಯೂ ಇಳಿಯಲಿಲ್ಲ. ನನ್ನ ಎರಡು ಸಾಲಿನ ಹೊಲಿಗೆಯಿಂದ ಮಾತ್ರ, ಸೂಜಿಯ ಪ್ರತಿ ತೂತಿಗೆ ಒಂದರಂತೆ, ಮಣಿ ಪೋಣಿಸಿದ ಹಾಗೆ ಹನಿಗಳು ಮೂಡಿ ನೆಲಕ್ಕೆ ಬಿದ್ದವು. ಅಳತೆ ತಪ್ಪದ ಹೊಲಿಗೆ, ಅಳತೆ ತಪ್ಪದ ಹನಿ. ಹೊಯ್ದ ನೀರೆಲ್ಲ ಇಳಿಯುವವರೆಗೂ ನೋಡುತ್ತ ಕೂತೆ.

ಆ ವಾರ ಯಾರ ಬಟ್ಟೆಯನ್ನೂ ಹೊಲಿಯಲಿಲ್ಲ. ಕೇಳಲು ಬಂದವರಿಗೆ ಮಶೀನು ಕೆಟ್ಟಿದೆ ಎಂದೆ. ಕೊನೆಗೆ ಒಂದು ಬೆಳಿಗ್ಗೆ ಕುಂಬಾರವಾಡಕ್ಕೆ ಹೊರಟೆ. ನನ್ನ ಗಂಡನ ಜೊತೆ ಗಸ್ತು ತಿರುಗುತ್ತಿದ್ದ ವಾಚರ್ ಆ ಊರಿನವನೇ, ಅವರಿಗಿಂತ ಚಿಕ್ಕವನು. ಮನೆಯ ಮಾತು ಕೊಂಕಣಿ. ನಮ್ಮ ಮನೆಗೆ ಒಂದೆರಡು ಸಲ ಬಂದು ಊಟ ಮಾಡಿ ಹೋಗಿದ್ದ; ಅವರನ್ನು ಅಣ್ಣ ಎಂದು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ. ನಾನು ಹೋದಾಗ ಗದ್ದೆಯ ಬದುವಿನಲ್ಲಿದ್ದ. ನನ್ನನ್ನು ಕಂಡು ಕೈ ತೊಳೆದುಕೊಂಡು ಓಡಿ ಬಂದ. ಅವನ ಹೆಂಡತಿ ಚಹಾ ಕೊಟ್ಟಳು. ಜಿಟಿಜಿಟಿ ಮಳೆ ಇತ್ತು. ನಾನು ಸುತ್ತು ಬಳಸಲಿಲ್ಲ.

"ಆ ಜಾಕೆಟ್ಟು ಸೋರ್ತಿತ್ತೇನಪಾ?"

ಅವನು ಚಹಾದ ಲೋಟ ನೋಡಿದ. "ಸೋರ್ತಿತ್ತ್ರಿ ವೈನಿ. ಭುಜದ ಮ್ಯಾಲೆ. ಮೊದಲನೇ ಮಳಿಗೇ ಗೊತ್ತಾತು."

"ಅವ್ರಿಗೂ?"

"ಅವರ ಮೈಮ್ಯಾಲೇ ಇತ್ತಲ್ರಿ, ಗೊತ್ತಾಗದ ಇರ್ತೈತಿ? ಜೇನಿನ ಮೇಣ ತಂದು ಕಾಯಿಸಿ, ಒಳಗ ಹೊಲಿಗಿ ಮ್ಯಾಲೆ ಬಳಿಯಾಂವ ಅಣ್ಣ. ಮೇಣ ಹಚ್ಚಿದ್ರ ಎಂಟ್ ದಿನ ಏನೂ ಆಗ್ತಿರಲಿಲ್ಲ. ಮನಿಗೆ ಹೋಗಿ ಬಂದ ಮ್ಯಾಲೆ ಮತ್ತ ಸೋರಾಕ ಸುರು. ಮತ್ತ ಮೇಣಾ."

ಅವರು ಪ್ರತಿ ಸಲ ಮನೆಗೆ ಬಂದಾಗಲೂ ಆ ಭುಜದ ಒಳಗೆ ಮೇಣ ಹತ್ತಿರುತ್ತಿತ್ತು. ಜೇನಿನ ಗೂಡಿನ ಕೆಳಗೆ ಕೂತು ಬರುತ್ತೀರಿ ಎಂದು ಪ್ರತಿ ಸಲವೂ ಬೈದಿದ್ದೇನೆ. ಅದರ ಮೇಲೆ ಹಳೆಯ ಪೇಪರು ಹಾಸಿ ಇಸ್ತ್ರಿ ಎಳೆದರೆ ಮೇಣವೆಲ್ಲ ಪೇಪರು ಹೀರಿಕೊಳ್ಳುತ್ತದೆ. ಹಾಗೆ ತೆಗೆದು, ಸ್ವಚ್ಛ ಮಾಡಿ, ಮಡಿಚಿ ಅವರ ಚೀಲದಲ್ಲಿ ಇಡುತ್ತಿದ್ದೆ. ಕಾಡಿನ ಜೇನು ಒಳಗಿನ ಹೊಲಿಗೆಗೆ ಹೇಗೆ ಹತ್ತಿತು ಎಂದು, ಹೊಲಿಯುವವಳಾದ ನನಗೆ ಒಮ್ಮೆಯೂ ಹೊಳೆಯಲಿಲ್ಲ.

"ನಗ್ತಿದ್ದ ಅಣ್ಣ" ಎಂದ ಅವನು. ಹೇಳಲೋ ಬೇಡವೋ ಎಂಬಂತೆ ಹೆಂಡತಿಯ ಕಡೆ ನೋಡಿ, ಹೇಳಿಯೇಬಿಟ್ಟ. "'ನಮ್ಮಾಕಿ ಮಳಿಗೆ ಒಂದು ಬಾಗಲಾ ಇಟ್ಟಾಳ. ನಾ ಇಲ್ಲಿ ಮುಚ್ಚೂದು, ಆಕಿ ಅಲ್ಲಿ ತೆಗಿಯೂದು' ಅಂತಿದ್ದ."

ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳೋ ಏನೋ. ನಾನು ಕೊನೆಯದನ್ನು ಕೇಳಿದೆ.

"ಅದರಿಂದನ ಜ್ವರ ಬಂತೇನು?"

"ಅದನ್ನ ನಾ ಹೆಂಗ ಹೇಳ್ಲಿ ವೈನಿ? ಆ ಮಳಿಗಾಲ ನನಗೂ ಬಂದಿತ್ತು. ನಾ ಕಂಬಳಿ ಹೊದಿಯಾಂವ. ನನಗ್ಯಾಕ ಬಿಡ್ತು, ಅಣ್ಣಗ್ಯಾಕ ಬಿಡ್ಲಿಲ್ಲ, ನನಗೂ ಯಾರೂ ಹೇಳಿಲ್ಲ."

ಮಧ್ಯಾಹ್ನದ ಬಸ್ಸು ತಡವಾಗಿ ಬಂತು. ಅವನು ಬಸ್ಸಿನ ತನಕ ಬಂದು, ಹತ್ತಿಸಿ, ಮಳೆಯಲ್ಲೇ ನಿಂತಿದ್ದ. ನಾನು ಕಿಟಕಿಯ ಪಕ್ಕ ಕೂತೆ. ಜ್ವರ ಯಾತರಿಂದ ಬಂತು ಎನ್ನುವುದಕ್ಕೆ ಉತ್ತರ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಅವರಿಗೆ ಗೊತ್ತಿತ್ತು ಎನ್ನುವುದಷ್ಟೇ ಸಿಕ್ಕಿತು. ಅವನಿಗೆ ಹೇಳಿ ನಕ್ಕದ್ದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಮೊದಲು ಸಿಟ್ಟು ಬಂತು. ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ? ನನ್ನ ಹೊಲಿಗೆಗೆ ಹೆಸರಿಟ್ಟರೆ ನಾನು ಸುಮ್ಮನಿರುವವಳಲ್ಲ. ಅದು ಅವರಿಗೆ ಗೊತ್ತು. ಜಗಳ ತೆಗೆಯುತ್ತಿದ್ದೆ. ಎರಡು ದಿನ ಮಾತು ಬಿಡುತ್ತಿದ್ದೆ. ಅವರಿಗೆ ಸಿಗುತ್ತಿದ್ದದ್ದೇ ಎರಡು ದಿನದ ರಜೆ.

ಬಸ್ಸು ಜೋಯಿಡಾ ದಾಟಿತು. ಕಿಟಕಿಯ ಸಂದಿನಿಂದ ಎರಚಲು ಬರುತ್ತಿತ್ತು. ನಾನು ಆ ಜಗಳವನ್ನು ಅಲ್ಲಿಯೇ ಶುರುಮಾಡಿದೆ. ಭುಜ ತೋಯಿಸಿಕೊಂಡು ತಿರುಗೂಕಿಂತ ಬಾಯಿಬಿಟ್ಟು ಹೇಳಾಕ ಏನಾಗಿತ್ತು ನಿಮಗ? ಪಟ್ಟಿ ಕಿತ್ತಿದ್ದು ತಪ್ಪಾಗಿತ್ತು, ಹೌದು, ಇನ್ನೊಂದು ಹಚ್ಚಿ ಕೊಡ್ತಿದ್ದಿಲ್ಲೇನು ನಾ? ಅಷ್ಟು ಹೇಳಿ, ಅವರ ಮಾತಿಗೆ ಕಾದೆ.

ಪಕ್ಕದ ಸೀಟಿನ ಹೆಂಗಸು ನನ್ನ ಕಡೆ ತಿರುಗಿ, "ನನಗ ಏನರ ಅಂದ್ರೇನ್ರಿ?" ಎಂದು ಕೇಳಿದಳು.

ಇಲ್ಲ ಎಂದೆ.