ಗೇಟಿನ ಚೀಲ, ಎದುರುಮನೆಯ ಕೀ

ನಮ್ಮ ಮನೆಯ ಗೇಟಿಗೆ ನೇತುಹಾಕುವ ಪ್ಲಾಸ್ಟಿಕ್ ವೈರಿನ ಚೀಲದ ಬಗ್ಗೆ ನನಗೆ ಬಹಳ ಕಾಲ ಪೂಜ್ಯಭಾವವಿತ್ತು. ಮಲಗುವ ಮುನ್ನ ಅದನ್ನು ಗೇಟಿನ ಚಿಲಕಕ್ಕೆ ಸಿಕ್ಕಿಸಿದರೆ ಆಯಿತು, ಬೆಳಗ್ಗೆ ಅದರಲ್ಲಿ ಹಾಲಿನ ಪ್ಯಾಕೆಟ್ಟು ಇರುತ್ತದೆ, ಎಲೆಯಲ್ಲಿ ಕಟ್ಟಿದ ಹೂವಿರುತ್ತದೆ. ತಂದವರ ಮುಖವನ್ನು ನಾನು ನೋಡಿದವಳಲ್ಲ. ವಿಜಯನಗರಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ನನ್ನ ಅತ್ತೆ ಈ ಚೀಲದ ಉಸ್ತುವಾರಿಯನ್ನು ನನಗೆ ವಹಿಸಿದಾಗ, ನಾಗರಿಕತೆ ಇದಕ್ಕಿಂತ ಮುಂದೆ ಹೋಗುವ ಅಗತ್ಯವಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ಬೆಳಗಿನ ನಿದ್ದೆಯನ್ನು ಇಷ್ಟಪಡುವವರು ಯಾರೇ ಆದರೂ ಹಾಗೆಯೇ ತೀರ್ಮಾನಿಸುತ್ತಾರೆ.

ನನ್ನ ಹೊಟ್ಟೆಪಾಡಿನ ಕೆಲಸವೂ ಹೆಚ್ಚುಕಡಿಮೆ ಈ ಚೀಲದ್ದೇ. ಬಸವೇಶ್ವರನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ. ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತೇವೆ, ಕೆಳಗಿನಿಂದ ಬರುವ ಬನ್ನಿನ ವಾಸನೆಗೆ ತಲೆ ಕೆಡಿಸಿಕೊಳ್ಳುತ್ತೇವೆ. ಗಾಬರಿಯಾಗಬೇಡಿ, ಮುಂದಿನದನ್ನು ಓದಲು ಕಂಪ್ಯೂಟರ್ ಬರಬೇಕಾಗಿಲ್ಲ. ಮನೆಗೆ ಹಾಲು ಹಾಕಿಸಿಕೊಂಡ ಅನುಭವವಿದ್ದರೆ ಸಾಕು.

ನಮ್ಮ ಪ್ರೋಗ್ರಾಮಿನಲ್ಲಿ ಕ್ಲಾಸು ಎಂಬುದೊಂದಿದೆ. ಒಂದೇ ಕೆಲಸ ಬಲ್ಲ ಒಬ್ಬ ಆಳು ಎಂದುಕೊಳ್ಳಿ. ಒಬ್ಬ ವರದಿ ಓದುತ್ತಾನೆ, ಇನ್ನೊಬ್ಬ ಮೆಸೇಜು ಕಳಿಸುತ್ತಾನೆ, ಮತ್ತೊಬ್ಬ ಈಗ ಯಾವ ಡಾಕ್ಟರ ಪಾಳಿ ಎಂದು ಹೇಳುತ್ತಾನೆ. ಒಬ್ಬನ ಕೆಲಸ ನಡೆಯಲು ಇನ್ನೊಬ್ಬ ಬೇಕು. ತನಗೆ ಬೇಕಾದವರನ್ನೆಲ್ಲ ಪ್ರತಿಯೊಬ್ಬನೂ ತಾನೇ ಹುಟ್ಟಿಸಿಕೊಳ್ಳಲು ಹೊರಟರೆ, ಒಂದು ಲೋಟ ಕಾಫಿಗಾಗಿ ಮನೆಮನೆಯಲ್ಲೂ ಎಮ್ಮೆ ಸಾಕಿದ ಹಾಗಾಗುತ್ತದೆ. ಆದ್ದರಿಂದ ಬಲ್ಲವರು ಒಂದು ಏರ್ಪಾಡು ಮಾಡಿದರು. ಯಾರೂ ಏನನ್ನೂ ತಾವೇ ಮಾಡಿಕೊಳ್ಳುವುದು ಬೇಡ; ಕಂಟೇನರ್ ಎಂಬ ಸರಬರಾಜುದಾರ ಇರುತ್ತಾನೆ, ಯಾರಿಗೆ ಯಾರು ಬೇಕೋ ಅವರನ್ನು ತಂದು ಅವನು ಕೊಡುತ್ತಾನೆ. ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎಂದು ಹೆಸರು. ನಾನು ಇಂಜೆಕ್ಷನ್ ಮಾಡುತ್ತೇನೆ ಎಂದು ಕೇಳಿದಾಗಿನಿಂದ ನಮ್ಮ ಚಿಕ್ಕಮ್ಮ ನನ್ನನ್ನು ನರ್ಸೆಂದೇ ನಂಬಿದ್ದಾರೆ. ತಿದ್ದಲು ಹೋಗಿಲ್ಲ, ನರ್ಸಿಗಿರುವ ಗೌರವ ನನಗೂ ಸಿಗುತ್ತಿದೆ.

ಮೊದಮೊದಲು ಯಾರಿಗೆ ಯಾರನ್ನು ಕೊಡಬೇಕು ಎಂಬುದನ್ನೆಲ್ಲ ಬೇರೊಂದು ಕಡತದಲ್ಲಿ ಮಾರುದ್ದ ಬರೆಯಬೇಕಿತ್ತು. ಬರೆದು ಬರೆದು ಬೆರಳು ಸವೆಯುತ್ತಿತ್ತು. ಆಮೇಲೆ ಬಂದದ್ದು ಅನೋಟೇಶನ್, ಅಂದರೆ ಚೀಟಿ. ಕ್ಲಾಸಿನ ಒಳಗೆ ಎಲ್ಲಿ ಏನು ಬೇಕೋ ಅಲ್ಲಿ ಒಂದು ಚೀಟಿ ಅಂಟಿಸಿದರೆ ಸಾಕು, ಸರಬರಾಜುದಾರ ಚೀಟಿ ನೋಡಿ ತಂದಿಟ್ಟು ಹೋಗುತ್ತಾನೆ. ಥೇಟು ಗೇಟಿನ ಚೀಲ! ನಮ್ಮ ಟೀಮ್ ಲೀಡ್ ಬಸವರಾಜ್ ಬಾಗಲಕೋಟೆ ಕಡೆಯವರು, ಕುರುಬರಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದರು. ಹಳೆಯ ಕಡತಗಳ ಕಾಟದಲ್ಲಿ ಅರ್ಧ ಕೂದಲು ಕಳೆದುಕೊಂಡಿದ್ದ ಅವರಿಗೆ ಚೀಟಿಗಳನ್ನು ಕಂಡು ಕಣ್ಣು ತುಂಬಿ ಬಂದಿತ್ತು.

"ಇನ್ನ ಏನೂ ತ್ರಾಸಿಲ್ರಿ ಮೇಡಂ. ಚೀಟಿ ಹಚ್ರಿ, ತಾನ ಬರತೈತಿ," ಎಂದರು.

ಹಚ್ಚಿದೆವು. ಹಬ್ಬಕ್ಕೆ ಮಾವಿನ ತೋರಣ ಕಟ್ಟುವ ಹುಮ್ಮಸ್ಸಿನಲ್ಲಿ ಹಚ್ಚಿದೆವು.

ಆಗ ನಮ್ಮ ಕೈಯಲ್ಲಿದ್ದದ್ದು ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನ ಕೆಲಸ. ಅಲ್ಲಿನ ಲ್ಯಾಬಿನಲ್ಲಿ ಯಾರದಾದರೂ ರಕ್ತಪರೀಕ್ಷೆ ಅಪಾಯದ ಮಟ್ಟ ತೋರಿಸಿದರೆ, ಆ ಕ್ಷಣವೇ ಪಾಳಿಯ ಡಾಕ್ಟರ ಮೊಬೈಲಿಗೆ ಮೆಸೇಜು ಹೋಗಬೇಕು. ಅದುವರೆಗೆ ವಾರ್ಡ್‌ಬಾಯ್ ಕಾಗದ ಹಿಡಿದು ಮೂರು ಮಹಡಿ ಹತ್ತಿ ಡಾಕ್ಟರನ್ನು ಹುಡುಕುತ್ತಿದ್ದ. ಅವನು ಹುಡುಕುವಷ್ಟರಲ್ಲಿ ರೋಗಿಯ ಗತಿ ಏನಾಗಬೇಕು? ಅಂಗಡಿಯ ಬಿಲ್ಲು ಹಾಕುವ ಪ್ರೋಗ್ರಾಂ ತಪ್ಪಿದರೆ ಯಾರೋ ಬೈಯುತ್ತಾರೆ, ಬೈಸಿಕೊಂಡರಾಯಿತು. ಇದು ಅಂಥದ್ದಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು.

ಚೀಲದ ಮೇಲಿನ ಭಕ್ತಿ ಮೊದಲು ಅಲುಗಿದ್ದು ನನ್ನ ಅಕ್ಕನ ಮನೆಯಲ್ಲಿ. ಅವಳು ಶ್ರೀಗಂಧದ ಕಾವಲು ಎಂಬ ಬಡಾವಣೆಯಲ್ಲಿ ಹೊಸದಾಗಿ ಮನೆ ಮಾಡಿದ್ದಳು. ಅಲ್ಲಿ ಉಳಿದುಕೊಂಡಾಗ ಅಭ್ಯಾಸಬಲದಿಂದ ಅವಳ ಗೇಟಿಗೂ ಒಂದು ಚೀಲ ಸಿಕ್ಕಿಸಿ ಮಲಗಿದೆ. ಬೆಳಗ್ಗೆ ನೋಡಿದರೆ ಚೀಲದಲ್ಲಿ ಮಂಜಿನ ಹನಿ ಮಾತ್ರ ಇತ್ತು. ಆ ಬೀದಿಗೆ ಹಾಲಿನವನು ಇನ್ನೂ ಬರುತ್ತಲೇ ಇರಲಿಲ್ಲ. ಚೀಲದಲ್ಲಿ ಶಕ್ತಿಯಿಲ್ಲ, ತರುವವನಿದ್ದರೆ ಮಾತ್ರ ಅದು ಚೀಲ. ಆಫೀಸಿನಲ್ಲೂ ಅದೇ ವಾರ ಅದೇ ಕಥೆ. ಒಂದು ಕ್ಲಾಸನ್ನು ಒಂಟಿಯಾಗಿ ತಂದು ಪರೀಕ್ಷಿಸೋಣವೆಂದು ಕೂತೆ. ಸರಬರಾಜುದಾರ ಹತ್ತಿರವಿರಲಿಲ್ಲ, ಚೀಟಿಗಳೆಲ್ಲ ಅಂಟಿದಲ್ಲೇ ಅಂಟಿಕೊಂಡು ಒಳಗೆಲ್ಲ ಖಾಲಿ. ವಿಚಿತ್ರವೆಂದರೆ ತಾನು ಖಾಲಿ ಎಂದು ಆ ಕ್ಲಾಸು ಹುಟ್ಟುವಾಗ ಹೇಳಲಿಲ್ಲ. ಗಟ್ಟಿಮುಟ್ಟಾಗಿ ಹುಟ್ಟಿ, ನಿಂತು, ಕೆಲಸ ಹೇಳಿದ ಮೇಲೆ ಕುಸಿದುಬಿತ್ತು.

ಎರಡನೆಯ ಪೆಟ್ಟು ನರ್ಸಿಂಗ್ ಹೋಮಿನಲ್ಲೇ ಬಿತ್ತು. ಒಂದು ಶುಕ್ರವಾರ ಅಲ್ಲಿ ಪ್ರಯೋಗ ನಡೆಸಿದೆವು. ಲ್ಯಾಬಿನವರು ಇಲ್ಲದ ರೋಗಿಯ ಹೆಸರಿನಲ್ಲಿ ಭಯಂಕರವಾದ ಒಂದು ವರದಿ ತುಂಬಿದರು. ಪರದೆಯ ಮೇಲೆ "ಕಳಿಸಲಾಗಿದೆ" ಎಂದು ಹಸಿರು ಅಕ್ಷರ ಬಂತು. ಬಸವರಾಜ್ ಕೈಕುಲುಕಲು ಎದ್ದರು. ಹಿರಿಯ ಡಾಕ್ಟರು ಮೇಜಿನ ಮೇಲಿದ್ದ ತಮ್ಮ ಮೊಬೈಲನ್ನು ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಮೊಬೈಲನ್ನು ನೋಡಿದರು. ಅದು ಕಮಕ್ ಕಿಮಕ್ ಎನ್ನಲಿಲ್ಲ.

"ಏನಮ್ಮ, ಕಳ್ಸಿದೀನಿ ಅಂತಿದೆ ನಿಮ್ಮ ಕಂಪ್ಯೂಟ್ರು. ಯಾರಿಗಂತೆ ಕಳ್ಸಿದ್ದು?" ಎಂದು ಕೇಳಿದರು.

ಆಗಿದ್ದದ್ದು ಇಷ್ಟೆ. ನಮ್ಮಲ್ಲಿ ಮೆಸೇಜು ಕಳಿಸುವವರು ಇಬ್ಬರಿದ್ದರು. ಒಬ್ಬ ನಿಜವಾಗಿ ಕಳಿಸುವವನು. ಇನ್ನೊಬ್ಬ ಡಮ್ಮಿ; ಪರೀಕ್ಷೆಗಾಗಿ ಇಟ್ಟುಕೊಂಡವನು, ಏನನ್ನೂ ಕಳಿಸದೆ "ಕಳಿಸಿದೆ" ಎನ್ನುವುದಷ್ಟೇ ಅವನ ಕೆಲಸ. ಇಬ್ಬರಲ್ಲಿ ಯಾರೆಂದು ಗೊತ್ತಾಗದಿದ್ದಾಗ ಡಮ್ಮಿಯನ್ನೇ ಕೊಡು ಎಂದು ಪರೀಕ್ಷೆಯ ಕಾಲದಲ್ಲಿ ಬಸವರಾಜ್ ಇನ್ನೊಂದು ಚೀಟಿ ಅಂಟಿಸಿದ್ದರು, ತೆಗೆಯುವುದು ಮರೆತಿದ್ದರು. ನಮ್ಮ ಕ್ಲಾಸಿನ ಚೀಟಿಯಲ್ಲಿ "ಮೆಸೇಜು ಕಳಿಸುವವನು ಬೇಕು" ಎಂದಿತ್ತೇ ಹೊರತು ಯಾರು ಎಂದಿರಲಿಲ್ಲ. ಸರಬರಾಜುದಾರ ವಿಧೇಯನಾಗಿ ಸುಳ್ಳುಗಾರನನ್ನು ತಂದು ಕೂರಿಸಿ ಹೋಗಿದ್ದ.

"ಒಂದು ಚೀಟಿ ಬಿಟ್ಟೈತ್ರಿ ಅಷ್ಟ. ಇನ್ನೊಂದು ಚೀಟಿ ಹಚ್ಚೂಣು, ನಿಜಾದಂವ ಬರತಾನ," ಎಂದರು ಬಸವರಾಜ್, ವಾಪಸು ಬರುವಾಗ.

"ಇಲ್ಲ ಬಸವರಾಜ್. ಚೀಟಿ ಮೇಲೆ ಚೀಟಿ ಹಚ್ತಾ ಹೋದ್ರೆ ಕೊನೆಗೆ ಗೋಡೆನೇ ಕಾಣಲ್ಲ. ನಾನು ಒಳಗಿನ ಚೀಟಿ ಎಲ್ಲಾ ಕಿತ್ತು ಹಾಕ್ತೀನಿ," ಎಂದೆ.

"ಎಲ್ಲಾ ಕಿತ್ತೀರಿ? ಬರೂ ವಾರ ಚಾಲೂ ಮಾಡ್ಬೇಕ್ರಿ!"

"ಅದಕ್ಕೇ ಈಗಲೇ ಕೀಳ್ತೀನಿ."

ಹೇಳಿದ ಮೇಲೆ ನನಗೇ ದಿಗಿಲಾಯಿತು. ಆದರೆ ಆ ಹಸಿರು ಅಕ್ಷರ ಕಣ್ಣಿಂದ ಹೋಗಿರಲಿಲ್ಲ. ಆ ವರದಿ ನಿಜವಾದ ರೋಗಿಯದೇ ಆಗಿದ್ದಿದ್ದರೆ? ಗೊತ್ತಿಲ್ಲ ಎನ್ನುವ ಯಂತ್ರದ ಜೊತೆ ಬಾಳಬಹುದು, ಮಾಡದೆ ಮಾಡಿದೆ ಎನ್ನುವುದರ ಜೊತೆ ಆಗದು. ಕ್ಲಾಸು ಹುಟ್ಟುವ ಬಾಗಿಲಿಗೆ ಕನ್‌ಸ್ಟ್ರಕ್ಟರ್ ಎನ್ನುತ್ತೇವೆ. ಪ್ರತಿ ಕ್ಲಾಸೂ ತನಗೆ ಬೇಕಾದವರ ಹೆಸರನ್ನು ಆ ಬಾಗಿಲಲ್ಲೇ ಕೂಗಿ ಹೇಳಬೇಕು, ಅವರು ಬರದಿದ್ದರೆ ಹುಟ್ಟಲೇಬಾರದು. ಯಾರಿಗೆ ಯಾರು ಎಂಬುದನ್ನು ಒಂದೇ ಜಾಗದಲ್ಲಿ ನಾವೇ ಕೈಯಾರೆ ಬರೆಯಬೇಕು. ಸೋಮವಾರದಿಂದ ಶುರು ಎಂದು ನಿಶ್ಚಯಿಸಿದೆ.

ನಡುವೆ ಭಾನುವಾರ ಬಂತು. ಭಾನುವಾರ ಕೆಂಗೇರಿಯಲ್ಲಿ ಒಂದು ಗೃಹಪ್ರವೇಶ. ನಾನು, ಅತ್ತೆ, ಎದುರುಮನೆಯ ಸರೋಜಮ್ಮ ಒಂದೇ ಬಸ್ಸಿನಲ್ಲಿ ಹೋಗಿ, ಹೋಳಿಗೆ ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು ಮಧ್ಯಾಹ್ನದ ಬಿಸಿಲಲ್ಲಿ ವಾಪಸು ಬಂದೆವು. ನಮ್ಮ ಬೀದಿಯ ಪದ್ಧತಿ ನಿಮ್ಮ ಬೀದಿಯಲ್ಲೂ ಇರಬಹುದು: ನಮ್ಮ ಮನೆಯ ಇನ್ನೊಂದು ಕೀ ಸರೋಜಮ್ಮನ ಮನೆಯಲ್ಲಿ, ಅವರದು ನಮ್ಮ ಮನೆಯಲ್ಲಿ. ಎಷ್ಟೋ ವರ್ಷಗಳ ನೆರೆಹೊರೆಯ ನಂಬಿಕೆ ಅದು. ಎರಡೂ ಮನೆಯವು ಎಳೆದರೆ ತಾವೇ ಬೀಗ ಬೀಳುವ ಬಾಗಿಲುಗಳು.

"ಸರೋಜ, ನಮ್ಮನೆ ಕೀ ಕೊಡೇ. ಒಳಗೇ ಬಿಟ್ಟು ಬಂದೆ, ಹೆಂಗಿದ್ರೂ ನಿನ್ನ ಹತ್ರ ಇದೆಯಲ್ಲ ಅಂತ," ಎಂದರು ಅತ್ತೆ.

"ನಮ್ಮನೇಲಿದೆ ಅಕ್ಕ, ತಗೊಡ್ತೀನಿ. ಮೊದ್ಲು ನಮ್ಮ ಕೀ ಕೊಡಿ ಮತ್ತೆ. ನಾನೂ ಒಳಗೇ ಬಿಟ್ಟೆ, ಹೆಂಗಿದ್ರೂ ನಿಮ್ಮ ಹತ್ರ..." ಎಂದು ಸರೋಜಮ್ಮ ಅಲ್ಲಿಗೇ ನಿಲ್ಲಿಸಿದರು.

ಮೂವರೂ ನಡುಬೀದಿಯಲ್ಲಿ ರೇಷ್ಮೆ ಸೀರೆಯಲ್ಲಿ ನಿಂತೆವು. ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಕೀ ಆಫೀಸಿನ ಬ್ಯಾಗಿನಲ್ಲಿತ್ತು. ರೇಷ್ಮೆ ಸೀರೆಗೆ ಆಫೀಸಿನ ಬ್ಯಾಗು ಒಪ್ಪುವುದಿಲ್ಲವೆಂದು ಅದೂ ಒಳಗೇ ಇತ್ತು.

ನನ್ನ ತಂದೆ ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟರಾಗಿದ್ದವರು. ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯ ಎಂಬ ದೋಷವಿದೆ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಇದು ಸಿದ್ಧವಾಗಲು ಅದು ಬೇಕು, ಅದು ಸಿದ್ಧವಾಗಲು ಇದು ಬೇಕು; ಆದ್ದರಿಂದ ಎರಡೂ ಇಲ್ಲ. ನಾನಾಗ ಹಪ್ಪಳದ ಕಡೆ ಗಮನ ಕೊಡುತ್ತಿದ್ದೆ. ಮೂರು ವಿಷಯಗಳು ಸುತ್ತು ಹಾಕಿಕೊಂಡರೆ ಅದಕ್ಕೆ ಚಕ್ರಕ ಎಂಬ ಬೇರೆಯೇ ಹೆಸರು ಇಟ್ಟಿದ್ದಾರೆ ನಮ್ಮ ಹಿರಿಯರು. ಅವರ ಬೀದಿಗಳಲ್ಲೂ ಕೀ ಬಿಟ್ಟು ಬಂದವರಿದ್ದರೋ ಏನೋ.

ಕಾಮಾಕ್ಷಿಪಾಳ್ಯದಿಂದ ಬೀಗದ ರಿಪೇರಿಯವನು ಬರುವವರೆಗೂ ನಾವು ಸರೋಜಮ್ಮನ ಜಗಲಿಯ ಮೇಲೆ ಕೂತು ತಾಂಬೂಲದ ತೆಂಗಿನಕಾಯಿಗಳನ್ನು ನೋಡುತ್ತಿದ್ದೆವು. ಅತ್ತೆಗೆ ಅವಮಾನವಾಗಿತ್ತು. "ಹೊರಡೋವಾಗ ಬಾಗ್ಲಲ್ಲಿ ನಿಂತು ಕೀ ಎಲ್ಲಿ ಅಂತ ಒಂದು ಮಾತು ಕೇಳಿದ್ರೆ ಮುಗೀತಿತ್ತು. ಬಾಗ್ಲು ಎಳ್ಕೊಂಡು ಬಂದ್ಬಿಟ್ವಿ," ಎಂದು ಸೆರಗಿನಲ್ಲಿ ಗಾಳಿ ಹಾಕಿಕೊಂಡರು. ನಾನು ನಕ್ಕುಬಿಟ್ಟೆ. ಎರಡು ದಿನದಿಂದ ಬಸವರಾಜ್‌ಗೆ ಹೇಳಲು ನಾನು ಒದ್ದಾಡುತ್ತಿದ್ದ ಮಾತು ಅದೇ ಆಗಿತ್ತು.

ಸೋಮವಾರ ಕಿತ್ತೆ. ಒಂದೊಂದು ಚೀಟಿ ಕಿತ್ತಂತೆ ಒಳಗೆ ಅಡಗಿದ್ದವರು ಬಾಗಿಲಿಗೆ ಬಂದು ನಿಂತರು. ತುರ್ತು ಮೆಸೇಜಿನ ಕ್ಲಾಸಿನ ಮುಂದೆ ಹತ್ತು ಹನ್ನೆರಡು ಮಂದಿ ಸಾಲುಗಟ್ಟಿದರು. ಬಸವರಾಜ್ ಹಿಂದಿನಿಂದ ಇಣುಕಿ, "ಏನ್ರೀ ಇದು, ಮದುವಿ ದಿಬ್ಬಣ ಬಂದಂಗ ಬಂದೈತಿ?" ಎಂದರು.

"ಮೊದಲೂ ಇಷ್ಟೇ ಜನ ಇದ್ರು. ಒಳಗೆ ಕೂತಿದ್ರು, ನಮಗೆ ಕಾಣ್ತಿರ್ಲಿಲ್ಲ," ಎಂದೆ.

ಒಬ್ಬ ಆಳಿಗೆ ಅಷ್ಟು ಮಂದಿ ಬೇಕೆಂದರೆ ಅವನ ಮೇಲೆ ಹೊರೆ ಹೆಚ್ಚಾಗಿದೆ ಎಂದೇ ಅರ್ಥ. ಅವನ ಕೆಲಸವನ್ನು ಮೂವರಿಗೆ ಹಂಚಿದೆವು. ಆಮೇಲೆ ಪ್ರೋಗ್ರಾಮನ್ನು ಚಾಲೂ ಮಾಡಿದರೆ, ಅದು ಚಾಲೂ ಆಗಲು ಒಪ್ಪಲೇ ಇಲ್ಲ. ಮೆಸೇಜಿನವನಿಗೆ ಪಾಳಿಯವನು ಬೇಕಂತೆ, ಪಾಳಿಯವನಿಗೆ ಮೆಸೇಜಿನವನು ಬೇಕಂತೆ. ಇಬ್ಬರೂ ಬಾಗಿಲಾಚೆ ನಿಂತು ಹುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದರು.

"ನಿನ್ನೆ ಮೊನ್ನಿ ಓಡತಿತ್ತಲ್ರಿ!" ಬಸವರಾಜ್ ತಲೆ ಮೇಲೆ ಕೈ ಹೊತ್ತರು.

ಓಡುತ್ತಿತ್ತು, ನಿಜ. ಚೀಟಿಗಳ ಕಾಲದಲ್ಲಿ ಸರಬರಾಜುದಾರ ಇಬ್ಬರನ್ನೂ ಅರೆಬರೆಯಾಗಿ ಹುಟ್ಟಿಸಿ, ಒಬ್ಬರ ಕೈಯಲ್ಲಿ ಇನ್ನೊಬ್ಬರನ್ನಿಟ್ಟು, ಗಂಟನ್ನು ಮುಚ್ಚಿಬಿಟ್ಟಿದ್ದ. ನಾನು ಬಸವರಾಜ್‌ಗೆ ಭಾನುವಾರದ ಕೀಯ ಕಥೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಇಬ್ಬರಿಗೂ ಬೇಕಾಗಿದ್ದ ಡಾಕ್ಟರ ನಂಬರುಗಳನ್ನು ಮೂರನೆಯವನೊಬ್ಬನ ಕೈಗೆ ಕೊಟ್ಟೆವು, ಗಂಟು ಬಿಚ್ಚಿತು. ಡಮ್ಮಿಯನ್ನು ಪರೀಕ್ಷೆಯ ಕೋಣೆಗೆ ಅಟ್ಟಿದೆವು, ಮನೆಯೊಳಗೆ ಅವನಿಗಿನ್ನು ಕೆಲಸವಿಲ್ಲ. ವಾರವಿಡೀ ಹೀಗೇ ದುಡಿದೆವು. ಮತ್ತೆ ಪ್ರಯೋಗ ಮಾಡಿದಾಗ ಹಿರಿಯ ಡಾಕ್ಟರ ಮೊಬೈಲು ಮೇಜಿನ ಮೇಲೆ ಗುಂಯ್‌ಗುಟ್ಟುತ್ತಾ ಸರಿದು ಅವರ ಕಾಫಿ ಲೋಟಕ್ಕೆ ತಗುಲಿತು.

ನಿಜವಾಗಿ ಚಾಲೂ ಆದ ದಿನ ಬೆಳಗ್ಗೆ ನಾನು ಬೇಗ ಹೊರಡಬೇಕಿತ್ತು. ಹೊಸ್ತಿಲಲ್ಲಿ ಅತ್ತೆ ಅಡ್ಡ ನಿಂತಿದ್ದರು. ಗೃಹಪ್ರವೇಶದ ಮಾರನೆಯ ದಿನದಿಂದ ಅದು ಮನೆಯ ಹೊಸ ಕಾನೂನು. ಕೀ ತೋರಿಸದೆ ಯಾರೂ ಹೊರಗೆ ಹೋಗುವಂತಿಲ್ಲ.

"ಕೀ?" ಎಂದರು.

ಬ್ಯಾಗಿನಲ್ಲಿ ಕೈಯಾಡಿಸಿದೆ, ಇರಲಿಲ್ಲ. ಟಿವಿ ಮೇಲೆ ನೋಡಿದೆ, ಹಾಸಿಗೆ ಕೊಡವಿದೆ. "ಇವತ್ತೊಂದಿನ ಬಿಡಿ ಅತ್ತೆ, ನೀವು ಮನೇಲೇ ಇರ್ತೀರಲ್ಲ. ಬಸ್ಸು ಹೋಗುತ್ತೆ," ಎಂದೆ.

"ನಾನು ಸರೋಜನ ಜೊತೆ ದೇವಸ್ಥಾನಕ್ಕೆ ಹೋಗ್ತೀನಿ. ಕೀ?"

ಬಸ್ಸು ಹೋಯಿತು. ನಾನು ಅಡುಗೆಮನೆಯ ಡಬ್ಬಿಗಳ ಹಿಂದೆ ಹುಡುಕುತ್ತಿದ್ದಾಗ ಫೋನು ಬಂತು. ಬಸವರಾಜ್. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಮೇಡಂ, ಖರೇ ಮೆಸೇಜ್ ಹೋತ್ರಿ! ಒಬ್ರು ಅಜ್ಜೀದು. ಡಾಕ್ಟ್ರು ಮೆಟ್ಲು ಇಳದು ಓಡಿ ಬಂದ್ರು. ಈಗ ಆರಾಮ ಅದಾರಂತ್ರಿ ಅಜ್ಜಿ."

ನನಗೆ ಕಣ್ಣು ಮಂಜಾಯಿತು. ಮಂಜಾದ ಕಣ್ಣಿಗೆ ಬಾಗಿಲ ಮೂಲೆಯ ಮೊಳೆಗೆ ತಗುಲಿಹಾಕಿದ್ದ ಹಾಲಿನ ಚೀಲ ಕಂಡಿತು. ಅದರ ತಳದಲ್ಲಿ, ಬೆಳಗ್ಗೆ ಹಾಲು ತರುವಾಗ ನಾನೇ ಹಾಕಿದ್ದ ಕೀ ಬಿದ್ದಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಓಡಿ ಬಂದು ಅತ್ತೆಗೆ ಸುದ್ದಿ ಹೇಳಿದೆ, ಒಬ್ಬ ಅಜ್ಜಿ ಉಳಿದರು ಎಂದೆ. ಅತ್ತೆ ಕೈಮುಗಿದು ಕಣ್ಣು ಮುಚ್ಚಿದರು. ಆದರೆ ಹೊಸ್ತಿಲಿಂದ ಕದಲಲಿಲ್ಲ.

"ಬಹಳ ಸಂತೋಷ ಕಣಮ್ಮ," ಎಂದು ಕೈ ಚಾಚಿದರು. "ಕೀ ತೋರ್ಸು."