ಶಾಫ್ಟ್ ಆರುವವರೆಗೆ

ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಬಿರುಗಾಳಿ ಎಂದೇ ಕರೆಯುತ್ತಿದ್ದರು. ಬೆಲ್ಟಿನ ಮೇಲೆ ಡಬ್ಬಿ ಬಂದದ್ದು ಬೇರೆಯವರ ಕಣ್ಣಿಗೆ ಬೀಳುವಷ್ಟರಲ್ಲಿ ಇವಳು ಅದನ್ನು ಪೆಟ್ಟಿಗೆಗೆ ತುಂಬಿರುತ್ತಿದ್ದಳು. ಕೈ ನಿಂತರೆ ಮೇಸ್ತ್ರಿಯ ಬಾಯಿ ಶುರುವಾಗುತ್ತಿತ್ತು ನೋಡಿ. ಆದರೆ ಅವಳ ಮನಸ್ಸೆಲ್ಲ ಗಾಜಿನ ಬಾಗಿಲಾಚೆಯ ಯಂತ್ರಗಳ ಕೋಣೆಯಲ್ಲಿ. ಒಳಗೆ ಕೆಲಸ ಬೇಕೆಂದರೆ ಕಮ್ಯುನಿಟಿ ಕಾಲೇಜಿನಲ್ಲಿ ಉತ್ಪಾದನಾ ತಂತ್ರಜ್ಞಾನ ಓದಿ ಪಾಸಾಗಿರಬೇಕು. ಸರಿ, ತಲೆಯಲ್ಲಿ ನರೆ ಇಣುಕುವ ವಯಸ್ಸಿನಲ್ಲಿ ಸಂಜೆ ತರಗತಿಗೆ ಸೇರಿಯೇಬಿಟ್ಟಳು. ಓರಗಿತ್ತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಗಲಿ ಬಿಡಿ, ಅವಳಿಗೂ ಹೊತ್ತು ಹೋಗಬೇಕಲ್ಲ.

ಗಣಿತ ತಲೆ ತಿಂದಿತು, ನಕ್ಷೆಗಳು ಕಣ್ಣಲ್ಲಿ ನೀರು ತರಿಸಿದವು. ಎರಡನ್ನೂ ಹಟ ಹಿಡಿದು ದಾಟಿದಳು. ಕೈಕೊಟ್ಟದ್ದು ಸಲೀಸು ಅಂದುಕೊಂಡಿದ್ದ ಲೇತ್ ಪರೀಕ್ಷೆ. ಉಕ್ಕಿನ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ, ತಿರುಗಿಸಿ ಹೆರೆದು, ಕೊಟ್ಟ ಉಂಗುರದೊಳಗೆ ಬಿಗಿಯಾಗಿ ಕೂರುವ ದುಂಡು ಸರಳು, ಅಂದರೆ ಶಾಫ್ಟ್ ಮಾಡಬೇಕಿತ್ತು. ಎಲ್ಲರಿಗಿಂತ ಮೊದಲು ಮುಗಿಸಿ, ಅಳೆದು, ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಬೀಗಿದಳು. ಮೇಷ್ಟ್ರು ಟೀ ಕುಡಿದು ಬಂದು ನೋಡಿದರೆ ಅದೇ ಶಾಫ್ಟ್ ಉಂಗುರದೊಳಗೆ ಲೊಡಲೊಡ ಅಂದಿತು.

"ಹೆರೆದ ಬಿಸಿ ಇದ್ದಾಗ್ಲೇ ಅಳೆದುಬಿಟ್ರಲ್ಲಮ್ಮ! ಆರಿದ್ಮೇಲೆ ಲೋಹ ಕುಗ್ಗುತ್ತೆ ಅಂತ ಪಾಠದಲ್ಲಿ ಹೇಳಿದ್ನಲ್ಲ? ಇನ್ನೊಂದೇ ಅವಕಾಶ. ಅದೂ ತಪ್ಪಿದ್ರೆ ಮುಂದಿನ ವರ್ಷವೇ."

ಅವಳಿಗೆ ಗೊತ್ತಿಲ್ಲದ್ದೇನಲ್ಲ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಯಂತ್ರದ ಕೋಣೆಯಲ್ಲಿ ಖಾಲಿಯಾಗಿದ್ದ ಒಂದೇ ಜಾಗ ಮುಂದಿನ ವರ್ಷದವರೆಗೆ ಅವಳಿಗಾಗಿ ಉಳಿದಿರುತ್ತದೆಯೇ?

ಮನೆಯಲ್ಲಿ ದುಃಖ ತೋಡಿಕೊಂಡಳು. ಅವಳ ಗಂಡ ದರ್ಜಿ. ಹೊಲಿಗೆ ನಿಲ್ಲಿಸದೆಯೇ ಹೇಳಿದ: "ನಾನೂ ಹೊಸದ್ರಲ್ಲಿ ಬಟ್ಟೆ ನೆನೆಸದೇನೇ ಕತ್ತರಿಸ್ತಿದ್ದೆ. ಒಗೆದ್ಮೇಲೆ ಅಪ್ಪನ ಅಂಗಿ ಮಗನಿಗಾಗ್ತಿತ್ತು. ಈಗ ನೆನೆಸಿ, ಒಣಗೋವರೆಗೂ ಕಾಯ್ತೀನಿ."

"ಕಾಯೋದು ನನ್ನ ಜಾಯಮಾನದಲ್ಲೇ ಇಲ್ವಲ್ರೀ."

"ಹಾಗಾದ್ರೆ ಅದನ್ನೇ ಕಲಿ."

ಮರುಪರೀಕ್ಷೆಯ ದಿನ ಕೊನೆಯ ತೆಳು ಪದರ ಉಳಿಸಿ ಹೆರೆದು, ಲೇತ್ ನಿಲ್ಲಿಸಿದಳು. ಸ್ಟೂಲ್ ಎಳೆದು ಕೂತಳು. ಪಕ್ಕದವರು ಒಬ್ಬೊಬ್ಬರೇ ಮುಗಿಸಿ, ಕೈ ಒರೆಸಿಕೊಂಡು ಹೊರಟರು. ಅವಳ ಬೆರಳುಗಳು ಚಡಪಡಿಸಿದವು. ಒಂದು ಕೈಯನ್ನು ಇನ್ನೊಂದರಿಂದ ಅದುಮಿ ಹಿಡಿದಳು. ಬೆನ್ನ ಹಿಂದೆ ಮೇಸ್ತ್ರಿ ನಿಂತಿದ್ದಾನೆ ಅನ್ನಿಸಿತು. ಆದರೂ ಏಳಲಿಲ್ಲ.

"ಟೈಮ್ ಆಗ್ತಿದೆ, ಕೈಕಟ್ಟಿ ಕೂತಿದೀರಲ್ಲಮ್ಮ?" ಅಂದರು ಮೇಷ್ಟ್ರು.

"ಕೆಲಸ ಮಾಡ್ತಿದೀನಿ ಸರ್."

ಶಾಫ್ಟ್ ಮುಟ್ಟಿ ನೋಡಿದಳು. ತಣ್ಣಗಿತ್ತು. ಅಳೆದು, ಉಳಿದ ಪದರವನ್ನು ಹಗುರಾಗಿ ತೆಗೆದು, ಮತ್ತೆ ಆರಲು ಬಿಟ್ಟು ಕೂತಳು. ಮೇಷ್ಟ್ರು ಗಡಿಯಾರ ನೋಡುತ್ತಲೇ ಇದ್ದರು. ಕೊನೆಗೆ ಅವರೇ ಉಂಗುರ ಇಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದರು. ಹಿಡಿದು ಅಲ್ಲಾಡಿಸಿದರು. ಉಂಗುರ ಮಿಸುಕಲಿಲ್ಲ.

ಆ ಒಂದೇ ಜಾಗ ಅವಳಿಗೇ ಸಿಕ್ಕಿತು. ಸೇರಿದ ಹೊಸತರಲ್ಲೇ ಒಂದು ದಿನ ಹಳೆಯ ಮೇಸ್ತ್ರಿ ಗಾಜಿನ ಬಾಗಿಲಲ್ಲಿ ಇಣುಕಿದ. ನಿಂತ ಯಂತ್ರದ ಮುಂದೆ ಬಿರುಗಾಳಿ ಸುಮ್ಮನೆ ಕೂತಿದ್ದಾಳೆ! ಅಭ್ಯಾಸಬಲದಿಂದ ಬಾಯಿ ತೆರೆದ.

ಅವಳು ಕೂತಲ್ಲಿಂದಲೇ ಕೈ ಎತ್ತಿ ಅವನನ್ನು ತಡೆದಳು. "ತಾಳಿ. ಇನ್ನೂ ಆರಿಲ್ಲ."